ನಾಲ್ಕನೇ ಬಕೆಟ್ಟಿನ ಸಮುದ್ರ

ನನ್ನ ಎರಡು ಕೈಗಳ ಮೇಲೆ ನನ್ನದೊಂದು ದೂರಿದೆ. ಮನುಷ್ಯನಿಗೆ ಅರವತ್ತು ತುಂಬಿದೊಡನೆ ಹಾರ ಹಾಕಿ, ಶಾಲು ಹೊದಿಸಿ, ಇನ್ನು ವಿಶ್ರಾಂತಿ ತೆಗೆದುಕೊಳ್ಳಿ ಎಂದು ಭಾಷಣ ಮಾಡಿ ಮನೆಗೆ ಕಳಿಸುತ್ತಾರೆ. ಆ ಭಾಷಣವನ್ನು ಕಿವಿ ಕೇಳಿಸಿಕೊಳ್ಳುತ್ತದೆ, ಕಣ್ಣು ಸ್ವಲ್ಪ ಒದ್ದೆಯಾಗುತ್ತದೆ, ಮನಸ್ಸೂ ಆರು ತಿಂಗಳಲ್ಲಿ ಹೇಗೋ ಒಪ್ಪಿಕೊಳ್ಳುತ್ತದೆ. ಕೈಗಳಿಗೆ ಮಾತ್ರ ಆ ಸುದ್ದಿ ಮುಟ್ಟುವುದೇ ಇಲ್ಲ. ನಾನು ಹುಬ್ಬಳ್ಳಿ–ಹರಿಹರ ದಾರಿಯ ಸಣ್ಣಪುಟ್ಟ ಸ್ಟೇಶನ್ನುಗಳಲ್ಲಿ ಮೂವತ್ತೇಳು ವರ್ಷ ಸ್ಟೇಶನ್ ಮಾಸ್ತರನಾಗಿದ್ದವನು. ನಿವೃತ್ತನಾಗಿ ಸವಣೂರಿನಲ್ಲಿ ಮನೆ ಮಾಡಿ ಒಂಬತ್ತು ವರ್ಷವಾಯಿತು. ಮೊನ್ನೆ ಯಲವಿಗಿಯಲ್ಲಿ ಬೀಗರ ಮನೆಯ ಊಟಕ್ಕೆ ಹೋಗಿದ್ದೆ. ಪಂಕ್ತಿಯಲ್ಲಿ ಕುಳಿತು ಇನ್ನೇನು ಹಪ್ಪಳ ಮುರಿಯಬೇಕು, ಅಷ್ಟರಲ್ಲಿ ಹೊರಗೆ ಗಾಡಿಯ ಸಿಳ್ಳೆ ಕೇಳಿಸಿತು. ನಾನು ಏನನ್ನೂ ಯೋಚಿಸಿರಲಿಲ್ಲ, ದೇವರಾಣೆ. ಕೈ ತಾನೇ ಹಪ್ಪಳ ಸಮೇತ ಮೇಲೆದ್ದು, ಹಸಿರು ನಿಶಾನೆ ತೋರಿಸುವ ಹಾಗೆ ನೆಟ್ಟಗೆ ನಿಂತಿತು. ಬಡಿಸುವವನು ನೋಡಿ, ಪಾಪ, ಹಿರಿಯರು ಕೇಳುತ್ತಿದ್ದಾರೆಂದು ಇನ್ನೆರಡು ಹಪ್ಪಳ ಹಾಕಿ ಹೋದ. ಎದುರಿಗೆ ಕುಳಿತಿದ್ದ ನನ್ನ ಹೆಂಡತಿ ನೀಲಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕವಳು ಪಾಯಸ ಬರುವವರೆಗೂ ಮುಖ ತೆರೆಯಲಿಲ್ಲ.

ಹಪ್ಪಳ ಎತ್ತಿದರೆ ಯಾರಿಗೂ ನಷ್ಟವಿಲ್ಲ. ಆದರೆ ಹೋದ ವರ್ಷ ಇದೇ ಕೈಗಳು ಮಾಡಿದ ಒಂದು ಕೆಲಸದಿಂದ ಹೆಂಗಸರಿಬ್ಬರ ಗೆಳೆತನ ಮುರಿದು ಬೀಳುವ ಹಂತಕ್ಕೆ ಬಂದಿತ್ತು. ಒಂದು ಮೂಕಪ್ರಾಣಿ ಊರು ಬಿಡುವುದರಲ್ಲಿತ್ತು. ಅದನ್ನು ಹೇಳಬೇಕಾದರೆ ಮೊದಲು ಬಕೆಟ್ಟುಗಳ ವಿಷಯ ಹೇಳಬೇಕು.

ಸ್ಟೇಶನ್ನುಗಳಲ್ಲಿ ನೀವು ನೋಡಿರುತ್ತೀರಿ: ಗೋಡೆಗೆ ಸಾಲಾಗಿ ನೇತುಹಾಕಿದ ಕೆಂಪು ಬಕೆಟ್ಟುಗಳು, ಒಳಗೆ ಮರಳು. ಬೆಂಕಿ ಬಿದ್ದರೆ ಇರಲೆಂದು. ಅವುಗಳ ತಳ ದುಂಡಗಿರುತ್ತದೆ. ಯಾಕೆಂದರೆ ತಳ ಸಪಾಟಾಗಿದ್ದರೆ ಯಾರಾದರೂ ಸ್ನಾನಕ್ಕೋ ನೆಲ ಸಾರಿಸುವುದಕ್ಕೋ ಒಯ್ದುಬಿಡುತ್ತಾರೆ. ದುಂಡು ತಳದ ಬಕೆಟ್ಟು ನೆಲದ ಮೇಲೆ ನಿಲ್ಲದು. ಹಾಗಾಗಿ ಅದು ತನ್ನ ಕರ್ತವ್ಯ ಬಿಟ್ಟು ಎಲ್ಲಿಗೂ ಹೋಗದು. ಇಂಥ ವಸ್ತು ನನಗೆ ಮೆಚ್ಚಿಗೆಯಾದದ್ದರಲ್ಲಿ ಆಶ್ಚರ್ಯವೇನಿಲ್ಲ. ಮನೆ ಕಟ್ಟಿಸಿದಾಗ ಅಂಥವೇ ನಾಲ್ಕು ಬಕೆಟ್ಟುಗಳನ್ನು ಹುಬ್ಬಳ್ಳಿಯಿಂದ ತಂದು, ಪಡಸಾಲೆಯ ಹೊರಗೋಡೆಗೆ ಕೊಂಡಿ ಹೊಡೆಸಿ, ವರದಾ ಹೊಳೆಯ ಮರಳು ತುಂಬಿ, ಒಂದರಿಂದ ನಾಲ್ಕರವರೆಗೆ ಬಿಳಿ ಬಣ್ಣದಲ್ಲಿ ನಂಬರು ಬರೆಸಿ ತೂಗಿಹಾಕಿದೆ. “ಜನ ಮನಿ ಮುಂದ ತುಳಸಿ ಇಡ್ತಾರ, ದಾಸವಾಳ ಇಡ್ತಾರ. ನೀವು ಬೆಂಕಿ ಬೀಳ್ಲಿ ಅಂತ ಕಾಯಕೊಂತ ಕುಂತೀರಿ,” ಎಂದಳು ನೀಲಮ್ಮ. ಒಂಬತ್ತು ವರ್ಷದಲ್ಲಿ ನಮ್ಮ ಮನೆಗೆ ಬೆಂಕಿ ಬಿದ್ದಿಲ್ಲ. ಅದು ಬಕೆಟ್ಟುಗಳ ಪ್ರಭಾವವೆಂದು ನಾನೂ, ದೇವರ ದಯವೆಂದು ಅವಳೂ ಹೇಳುತ್ತ ಬಂದಿದ್ದೇವೆ.

ಬಕೆಟ್ಟು ತೂಗಿಹಾಕಿದರೆ ಆಗಲಿಲ್ಲ, ಮರಳು ಗಟ್ಟಿಯಾಗಬಾರದು. ಪ್ರತಿ ತಿಂಗಳ ಒಂದನೇ ತಾರೀಖು ಬೆಳಿಗ್ಗೆ ಐದೂವರೆಗೆ ಒಂದು ಕಬ್ಬಿಣದ ಸರಳಿನಿಂದ ತಳದವರೆಗೆ ಮರಳನ್ನು ಕದಡಬೇಕು. ಎಲೆ, ಕಡ್ಡಿ, ಕಸ ಏನಿದ್ದರೂ ಆರಿಸಿ ತೆಗೆಯಬೇಕು. ಅಂಗೈಯಿಂದ ಮೇಲ್ಭಾಗ ಸಮ ಮಾಡಬೇಕು. ಕಡೆಗೆ ಒದ್ದೆ ಬಟ್ಟೆಯಿಂದ ಬಕೆಟ್ಟಿನ ಅಂಚು ಒರೆಸಬೇಕು. ಈ ಕೆಲಸ ಎಷ್ಟು ವರ್ಷದ್ದೆಂದರೆ ಸರಳು ಹಿಡಿದಾಗ ನನ್ನ ತಲೆಗೆ ಬೇರೆ ಏನನ್ನಾದರೂ ಯೋಚಿಸುವ ಪೂರ್ಣ ಬಿಡುವು ಸಿಗುತ್ತದೆ. ಕೈ ಮಾಡಿ ಮುಗಿಸುತ್ತದೆ.

ಇನ್ನು ಸಮುದ್ರದ ವಿಷಯ. ನೀಲಮ್ಮ ಹಿರೇಕೆರೂರು ತಾಲ್ಲೂಕಿನ ಅಬಲೂರಿನವಳು. ಅಲ್ಲಿ ನೀರೆಂದರೆ ಬಾವಿಯದು, ಕೆರೆಯದು, ಅದೂ ಇದ್ದಾಗ. ಅರವತ್ತೆರಡು ವರ್ಷವಾದರೂ ಸಮುದ್ರ ನೋಡಿರಲಿಲ್ಲ. ನಮ್ಮ ಪಕ್ಕದ ಮನೆಯ ಹಮೀದಾಬಿಯೂ ನೋಡಿರಲಿಲ್ಲ. ಹಮೀದಾಬಿಯೆಂದರೆ ನೀಲಮ್ಮನ ಓರಗೆಯವಳು. ಗಂಡ ತೀರಿಕೊಂಡ ಮೇಲೆ ಹೊಲಿಗೆ ಯಂತ್ರ ಇಟ್ಟುಕೊಂಡು, ಚಾಂದನಿ ಎಂಬ ಒಂದು ಆಡು ಸಾಕಿಕೊಂಡು, ಮಗಳು ಅಳಿಯನೊಂದಿಗೆ ಇರುವವಳು. ನಮ್ಮಿಬ್ಬರ ಮನೆಯ ನಡುವೆ ಎದೆಮಟ್ಟದ ಒಂದು ಗೋಡೆ. ಆ ಗೋಡೆಯ ಮೇಲೆ ದಿನಾ ನಾಲ್ಕು ಗಂಟೆಗೆ ಎರಡು ಚಹಾದ ಕಪ್ಪುಗಳು, ಅವುಗಳ ಹಿಂದೆ ಎರಡು ತಲೆಗಳು. ಚಾಂದನಿಯದೂ ಸೇರಿದರೆ ಮೂರು.

ಓಣಿಯವರೆಲ್ಲ ಸೇರಿ ಒಂದು ಟೆಂಪೊ ಮಾಡಿಕೊಂಡು ಹಾನಗಲ್, ಶಿರಸಿ ಮೇಲೆ ಹಾಯ್ದು ಸಮುದ್ರಕ್ಕೆ ಹೋಗುವುದೆಂದು ಗೊತ್ತಾಯಿತು. ವೇಳಾಪಟ್ಟಿಯನ್ನು ನಾನೇ ಬರೆದೆ. ಅದರಲ್ಲಿ ಉಪಾಹಾರಕ್ಕೆ ಮೂವತ್ತು ನಿಮಿಷ, ಸಮುದ್ರಕ್ಕೆ ಇಪ್ಪತ್ತು ಎಂದು ಹಾಕಿದ್ದೆ. ನೋಡಲಿಕ್ಕೆ ಅಲ್ಲಿ ಬೇರೇನಿದೆ, ಒಂದೇ ನೀರಲ್ಲವೇ ಎಂಬುದು ನನ್ನ ಅಂದಾಜು. ಅಲ್ಲಿಗೆ ಹೋಗಿ ಇಳಿದರೆ ಇಬ್ಬರು ಹೆಂಗಸರೂ ಚಪ್ಪಲಿ ಕಳಚಿ, ಕೈ ಕೈ ಹಿಡಿದುಕೊಂಡು ನೀರಿನ ಕಡೆ ನಡೆದೇಬಿಟ್ಟರು. ತೆರೆ ಬಂದಾಗ ಕಿರುಚುವುದು, ಹೋದಾಗ ನಗುವುದು, ಮತ್ತೆ ಬಂದಾಗ ಕಿರುಚುವುದು. ನಾನು ದಂಡೆಯ ಮೇಲೆ ಗಡಿಯಾರ ನೋಡುತ್ತ ನಿಂತಿದ್ದೆ. ಎರಡು ತಾಸಾಯಿತು. ಹೊರಡಿಸುವ ಹೊತ್ತಿಗೆ ನೀಲಮ್ಮ ರೊಟ್ಟಿ ತಂದಿದ್ದ ಖಾಲಿ ಡಬ್ಬಿ ಹಿಡಿದುಕೊಂಡು ದಂಡೆಯ ಮೇಲಿನ ಮರಳುದಿಬ್ಬದ ಕಡೆ ಹೋದಳು. ಅಲ್ಲಿ ಹೋದ ಮಳೆಗಾಲದ ಯಾವುವೋ ಗಿಡಗಳು ಒಣಗಿ ಕಂದು ಕಡ್ಡಿಗಳಾಗಿ ನಿಂತಿದ್ದವು. ಅವುಗಳ ಬುಡದ ಒಣ ಮರಳನ್ನು ಡಬ್ಬಿ ತುಂಬ ಬಾಚಿಕೊಂಡಳು.

“ಉಸುಕು ಯಾಕ? ನಮ್ಮ ಹೊಳ್ಯಾಗ ಉಸುಕಿಲ್ಲೇನು?” ಎಂದೆ.

“ಸಮುದ್ರಾನ ಡಬ್ಬ್ಯಾಗ ತುಂಬಾಕ ಬರೂದಿಲ್ಲಲ್ರೀ. ಅದಕ್ಕ ಇದು,” ಎಂದಳು.

ಮನೆಗೆ ಬಂದ ಮೇಲೆ ಮರುದಿನವೇ ಡಬ್ಬಿ ಬೇಕಾಯಿತು. ನಾಲ್ಕನೇ ಬಕೆಟ್ಟಿನಲ್ಲಿ ಮರಳು ಎರಡು ಬೆರಳಿನಷ್ಟು ಕಡಿಮೆ ಇದ್ದದ್ದು ನನ್ನ ಗಮನದಲ್ಲಿತ್ತು. ಸಮುದ್ರವನ್ನು ಅದರಲ್ಲಿ ಸುರಿದು ಸಮ ಮಾಡಿ, ಡಬ್ಬಿ ತೊಳೆದುಕೊಟ್ಟೆ. ಕೊರತೆ ತುಂಬಿತು, ಡಬ್ಬಿ ಬಿಡುವಾಯಿತು, ಒಂದೇ ಕೆಲಸದಲ್ಲಿ ಎರಡು ಅನುಕೂಲ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಜೂನ್ ಬಂತು. ನಾಲ್ಕನೇ ಬಕೆಟ್ಟು ಮೂಲೆಯದು. ಮಳೆಯ ಎರಚಲು ಅದಕ್ಕೆ ಮಾತ್ರ ತಾಗುತ್ತದೆ. ಒಂದು ದಿನ ನೀಲಮ್ಮ ಒಳಗೆ ಓಡಿಬಂದು ನನ್ನ ಕೈ ಹಿಡಿದು ಎಳೆದುಕೊಂಡು ಹೋದಳು. ಮರಳಿನ ಮೇಲೆ ಹಸಿರು ಚುಕ್ಕಿಗಳು. ಕಸ ಎಂದು ನಾನು ಬೆರಳು ಚಾಚುವುದರೊಳಗೆ ಅವಳು ಬಕೆಟ್ಟಿಗೆ ಅಡ್ಡ ನಿಂತಿದ್ದಳು. “ಮುಟ್ಟಬ್ಯಾಡ್ರಿ! ಸಮುದ್ರದಿಂದ ಬಂದಾವು.”

ನಿಯಮದ ಪ್ರಕಾರ ಬೆಂಕಿಯ ಬಕೆಟ್ಟಿನಲ್ಲಿ ಶುದ್ಧ, ಒಣ ಮರಳಿನ ಹೊರತು ಬೇರೇನೂ ಇರಕೂಡದು ಎಂದು ವಿವರಿಸಿದೆ. ಅವಳು ಪೂರ್ತಿ ಕೇಳಿ, “ಹೌದ್ರಿ. ಆದ್ರ ಮುಟ್ಟಬ್ಯಾಡ್ರಿ,” ಎಂದಳು. ಕೊನೆಗೆ ಒಂದು ಒಪ್ಪಂದವಾಯಿತು. ಒಂದು, ಎರಡು, ಮೂರು ನನ್ನ ಸುಪರ್ದಿಗೆ; ನಾಲ್ಕು ಅವಳದು. ನಾಲ್ಕನೆಯದನ್ನು ಮುಟ್ಟುವುದಿಲ್ಲವೆಂದು ನಾನು ಮಾತು ಕೊಟ್ಟೆ. ಗೋಡೆಯ ಆಚೆಯಿಂದ ಹಮೀದಾಬಿ ಸಾಕ್ಷಿ.

ಆ ಗಿಡಗಳು ಬೆಳೆದ ರೀತಿಯನ್ನು ನಾನು ದೂರದಿಂದಲೇ, ಕೈ ಕಟ್ಟಿಕೊಂಡು ನೋಡಿದೆ. ಮೂರು ಜಾತಿ ಇದ್ದವು. ಒಂದು ಮರಳಿಗೆ ಮೈ ಅಂಟಿಸಿ ಹಬ್ಬುವುದು, ಸಣ್ಣ ದಪ್ಪ ಎಲೆ. ಇನ್ನೊಂದು ಹುಲ್ಲು, ಅದರ ತುದಿಗೆ ನಸುಗೆಂಪು ಕೂದಲಿನ ಕುಚ್ಚು, ಸಣ್ಣ ಮಗುವಿನ ಹಲ್ಲುಜ್ಜುವ ಬ್ರಶ್ಶಿನ ಹಾಗೆ. ಮೂರನೆಯದು ತಂತಿಯಂಥ ಕಡ್ಡಿಯ ಮೇಲೆ ಬೆಳ್ಳಿಯ ಕಾಗದ ಕತ್ತರಿಸಿ ಗೊಂಚಲು ಮಾಡಿದಂಥ ಹೂವು ಬಿಡುತ್ತಿತ್ತು. ಯಾವುದೂ ಗೇಣಿಗಿಂತ ಎತ್ತರವಿಲ್ಲ. ಹಾನಗಲ್ಲಿನಲ್ಲಿ ನನಗೆ ಪರಿಚಯದ ಒಬ್ಬ ಸಸ್ಯಶಾಸ್ತ್ರದ ಮಾಸ್ತರರಿದ್ದಾರೆ. ಅವರಿಗೆ ಫೋಟೊ ಕಳಿಸಿ ಫೋನ್ ಮಾಡಿದೆ. “ಇವು ಸಮುದ್ರದ ದಂಡಿ ಉಸುಕಿನಾಗ ತಾವ ಹುಟ್ಟೂ ಗಿಡ. ಒಂದ ಹಂಗಾಮಿನವು. ಮಳೀಗೆ ಹುಟ್ಟತಾವು, ಹೂ ಬಿಡತಾವು, ಬೀಜ ಉದುರಸ್ತಾವು, ಮಳಿ ಹೋದಮ್ಯಾಲ ಅವೂ ಹೋಗತಾವು. ಉಳಸ್ಕೋತೇನಿ ಅಂದ್ರ ಉಳಿಯೂದಿಲ್ಲ,” ಎಂದರು. ನನಗೆ ಮೊದಲ ಬಾರಿಗೆ ಆ ಗಿಡಗಳ ಮೇಲೆ ಗೌರವ ಬಂತು. ಬರುವ ಹೊತ್ತು ಗೊತ್ತು, ಹೋಗುವ ಹೊತ್ತು ಗೊತ್ತು, ನಡುವೆ ಮಾಡಬೇಕಾದ ಕೆಲಸ ಗೊತ್ತು. ಮೂವತ್ತೇಳು ವರ್ಷ ನಾನು ಗಾಡಿಗಳಿಂದ ಕೇಳಿ ಪಡೆಯಲಾಗದ್ದನ್ನು ಒಂದು ಗೇಣಿನ ಹುಲ್ಲು ಯಾರ ನಿಶಾನೆಯೂ ಇಲ್ಲದೆ ಮಾಡುತ್ತಿತ್ತು.

ನೀಲಮ್ಮನಿಗೆ ಈ ವಿವರವೇನೂ ಬೇಕಿರಲಿಲ್ಲ. ಬೆಳಿಗ್ಗೆ ಒಂದು ಸಣ್ಣ ಲೋಟದಲ್ಲಿ ನೀರು, ಅದರಲ್ಲಿ ಚಿಟಿಕೆ ಉಪ್ಪು. ಸಮುದ್ರದ ಗಿಡಗಳಲ್ಲವೇ, ಸಪ್ಪೆ ನೀರು ಕುಡಿದು ಬೇಸರವಾದೀತೆಂದು. ನಾಲ್ಕು ಗಂಟೆಯ ಚಹಾದ ಹೊತ್ತಿಗೆ ಹಮೀದಾಬಿಗೆ ವರದಿ. “ಇವತ್ತು ಬೆಳ್ಳಿ ಹೂವು ಮೂರಾದವು ಹಮೀದಾ.” “ಅರೆ ವಾಹ್! ನಮ್ಮ ಸಮುಂದರ್ ಹೆಂಗೈತಿ ಅಂತ ನನ್ನ ಮಗಳೂ ಕೇಳಾಕತ್ತಿದ್ಳು ನೀಲಕ್ಕಾ.” ಎರಡು ತಾಸು ಕಂಡ ಸಮುದ್ರವನ್ನು ಇಬ್ಬರೂ ಸೇರಿ ನಾಲ್ಕು ತಿಂಗಳು ನೋಡಿದರು.

ಅಕ್ಟೋಬರ್ ಒಂದನೇ ತಾರೀಖು ಬಂತು.

ಜುಲೈ, ಆಗಸ್ಟ್, ಸೆಪ್ಟೆಂಬರಿನಲ್ಲಿ ನಾನು ಮೂರು ಬಕೆಟ್ಟು ಕದಡಿ, ನಾಲ್ಕನೆಯದರ ಮುಂದೆ ನಿಂತು, ನನ್ನನ್ನು ನಾನು ಹಿಡಿದುಕೊಂಡು, ಒಳಗೆ ಹೋಗಿದ್ದೆ. ಅಂದು ಯಾಕೋ ತಲೆ ಬೇರೆ ಕಡೆ ಇತ್ತು. ಶಿಗ್ಗಾವಿಯಲ್ಲಿ ನಮ್ಮ ಹಳೆಯ ಸಹೋದ್ಯೋಗಿಯೊಬ್ಬರ ಮನೆಯ ಪೂಜೆಗೆ ಹೋಗಬೇಕಿತ್ತು. ಎಂಟರ ಬಸ್ಸೋ ಎಂಟೂವರೆಯದೋ ಎಂದು ಲೆಕ್ಕ ಹಾಕುತ್ತಿದ್ದೆ. ಎಂಟರದೇ ಸರಿ ಎಂದು ತೀರ್ಮಾನಕ್ಕೆ ಬರುವಷ್ಟರಲ್ಲಿ ಕೈಗಳು ನಾಲ್ಕನೇ ಬಕೆಟ್ಟಿನ ಅಂಚು ಒರೆಸುತ್ತಿದ್ದವು. ತೆಗೆದ ಹಸಿರು ಕಸವನ್ನು ಎಂದಿನಂತೆ ಗೋಡೆಯ ಮೇಲಿಂದ ಚಾಂದನಿಯ ಬಾಯಿಗೂ ಕೊಟ್ಟಾಗಿತ್ತು. ಅದು ದಿನಾ ಬೆಳಿಗ್ಗೆ ಗೋಡೆಗೆ ಮುಂಗಾಲು ಹಚ್ಚಿ ತರಕಾರಿ ಸಿಪ್ಪೆಗಾಗಿ ಕಾಯುತ್ತದೆ. ನನ್ನಷ್ಟೇ ಶಿಸ್ತಿನ ಪ್ರಾಣಿ.

ಏನಾಗಿದೆಯೆಂದು ನನಗೆ ತಿಳಿದದ್ದು ಚಹಾದ ಮೊದಲ ಗುಟುಕಿನಲ್ಲಿ. ಎದ್ದು ನಿಲ್ಲುವುದರೊಳಗೆ ನೀಲಮ್ಮ ಉಪ್ಪುನೀರಿನ ಲೋಟ ಹಿಡಿದು ಹೊರಗೆ ಹೋಗಿದ್ದಳು. ಆಮೇಲೆ ಗೋಡೆಯ ಕಡೆಯಿಂದ ಅವಳ ದನಿ.

“ಹಮೀದಾ! ಏ ಹಮೀದಾ! ನಿನ್ನ ಚಾಂದನಿ ಮಾಡಿದ ಕೆಲಸ ನೋಡ ಬಾ!”

ನಾನು ಪಡಸಾಲೆಗೆ ಬಂದು ನೋಡಿದೆ. ಚಾಂದನಿ ಗೋಡೆಯ ಆಚೆ ನಿಂತು ನೆಮ್ಮದಿಯಿಂದ ಅಗಿಯುತ್ತಿತ್ತು. ಅದರ ಗಡ್ಡಕ್ಕೆ ಒಂದು ಬೆಳ್ಳಿ ಹೂವು ಸಿಕ್ಕಿಕೊಂಡಿತ್ತು.

“ನನ್ನ ಆಡು ಗ್ವಾಡಿ ದಾಟಿದ್ದು ಎಂದರ ನೋಡೀಯೇನ ನೀಲಕ್ಕಾ? ಅದು ಅಂಥಾದ್ದಲ್ಲ,” ಎಂದಳು ಹಮೀದಾಬಿ.

“ಗಡ್ಡದಾಗ ಹೂವು ಇಟಗೊಂಡು ನಿಂತೈತಿ, ಅಂಥಾದ್ದಲ್ಲ ಅಂತಿ! ನಾಲ್ಕು ತಿಂಗಳು ಮಗೂನಂಗ ನೋಡೀನಿ.”

“ನಂದೂ ಮಗೂನ ನೀಲಕ್ಕಾ ಅದು! ತಾಯಿ ಸತ್ತ ಮ್ಯಾಲ ಬಾಟ್ಲಿಲೆ ಹಾಲು ಕುಡಿಸೀನಿ. ನೀ ಒಂದು ಹುಲ್ಲಿನ ಸಲುವಾಗಿ ಅದಕ್ಕ ಕಳ್ಳಿ ಅಂತಿ?”

“ಹುಲ್ಲೇನ? ಮೊನ್ನೆತನಕ ನಮ್ಮ ಸಮುಂದರ್ ಅಂತಿದ್ದಿ, ಇವತ್ತು ಹುಲ್ಲಾತೇನ?”

ಆ ಹೊತ್ತಿನಲ್ಲಿ ನಾನು ಹೇಳಬಹುದಿತ್ತು. ಎರಡು ಮಾತು ಸಾಕಿತ್ತು. ಆದರೆ ಚಹಾದ ಲೋಟ ಬಾಯಿಗೆ ಅಡ್ಡವಿತ್ತು. ಅದನ್ನು ಕೆಳಗಿಡುವಷ್ಟರಲ್ಲಿ ಎರಡೂ ಮನೆಯ ಬಾಗಿಲು ಧಡಾರೆಂದು ಮುಚ್ಚಿಕೊಂಡವು. ನಾನೂ ಚಾಂದನಿಯೂ ಮುಖ ಮುಖ ನೋಡಿಕೊಂಡೆವು. ಅದು ಅಗಿಯುವುದನ್ನು ನಿಲ್ಲಿಸಲಿಲ್ಲ. ನಾನು ಎಂಟರ ಬಸ್ಸು ಹಿಡಿದು ಶಿಗ್ಗಾವಿಗೆ ಹೋದೆ. ಓಡಿಹೋದೆ ಎಂದರೂ ತಪ್ಪಿಲ್ಲ.

ಸಂಜೆ ಬಂದು ಹೇಳೋಣವೆಂದುಕೊಂಡೆ, ಅವಳು ತಲೆನೋವೆಂದು ಮಲಗಿದ್ದಳು. ಮರುದಿನ ಹೇಳೋಣವೆಂದರೆ, ನಿನ್ನೆ ಯಾಕೆ ಹೇಳಲಿಲ್ಲ ಎಂಬ ಹೊಸ ಪ್ರಶ್ನೆ ಎದುರಾಯಿತು. ಮೂರನೇ ದಿನಕ್ಕೆ ಆ ಪ್ರಶ್ನೆಗೆ ಎರಡು ದಿನ ವಯಸ್ಸಾಗಿತ್ತು. ನಾನು ಕೆಲಸದಲ್ಲಿದ್ದಾಗ ಕೈಕೆಳಗಿನವರಿಗೆ ಒಂದು ಮಾತು ಬಹಳ ಸಲ ಹೇಳಿದ್ದೇನೆ: ತಪ್ಪಾದರೆ ಆದದ್ದಾಯಿತು, ಆ ಕ್ಷಣವೇ ಬಂದು ಹೇಳು, ಮುಚ್ಚಿಟ್ಟ ತಪ್ಪಿಗೆ ಕ್ಷಮೆಯಿಲ್ಲ. ಒಮ್ಮೆ ಹಳಿ ಬದಲಿಸುವ ಒಬ್ಬ ಪಾಯಿಂಟ್ಸ್‌ಮನ್ ಲಾಟೀನಿನ ಗಾಜು ಒಡೆದು ಒಂದು ದಿನ ಹೇಳದೇ ಇದ್ದದ್ದಕ್ಕೆ ಅವನನ್ನು ನಿಲ್ಲಿಸಿಕೊಂಡು ಅರ್ಧ ತಾಸು ಉಪದೇಶ ಮಾಡಿದ್ದೆ. ಅವನು ತಲೆ ತಗ್ಗಿಸಿ, “ಹೇಳೂಣು ಅಂತ ನಾಕು ಸಲ ಬಂದ್ನಿರಿ ಸಾಹೇಬ್ರ, ನಿಮ್ಮ ಮಾರಿ ನೋಡಿ ಹೊಳ್ಳಿ ಹೋದ್ನಿರಿ,” ಎಂದಿದ್ದ. ಆಗ ಅದು ಸುಳ್ಳು ನೆಪವೆಂದುಕೊಂಡಿದ್ದೆ. ಈಗ ನೀಲಮ್ಮನ ಮುಖ ನೋಡಿ ಅಡಿಗೆಮನೆಯ ಬಾಗಿಲಿನಿಂದ ನಾಲ್ಕು ಸಲ ವಾಪಸು ಬಂದ ಮೇಲೆ, ಆತ ಎಲ್ಲಿದ್ದಾನೋ, ಸಿಕ್ಕರೆ ಕೈ ಮುಗಿಯಬೇಕೆನ್ನಿಸಿತು.

ಅತ್ತ ಗೋಡೆಯ ಮೇಲೆ ನಾಲ್ಕು ಗಂಟೆಗೆ ಕಪ್ಪುಗಳು ಕಾಣಿಸಲಿಲ್ಲ. ಹಮೀದಾಬಿಯ ಹಿತ್ತಲಿನ ಕರಿಬೇವು ನಮ್ಮ ಒಗ್ಗರಣೆಗೆ ಬರುವುದು ನಿಂತಿತು. ನಮ್ಮ ನಿಂಬೆಹಣ್ಣು ಅಲ್ಲಿಗೆ ಹೋಗುವುದು ನಿಂತಿತು. ಹಮೀದಾಬಿಯೊಂದಿಗೆ ಆಡಬೇಕಾದ ಎಲ್ಲ ಮಾತನ್ನೂ ನೀಲಮ್ಮ ನನ್ನೊಂದಿಗೆ ಆಡತೊಡಗಿದರೆ ಬಚಾವಾಗುತ್ತಿದ್ದೆ. ಅವಳು ಯಾರೊಂದಿಗೂ ಆಡಲಿಲ್ಲ. ಬೆಳಿಗ್ಗೆ ಬರಿದಾದ ಬಕೆಟ್ಟಿನ ಮುಂದೆ ಒಂದು ನಿಮಿಷ ನಿಂತು ಒಳಗೆ ಬರುತ್ತಿದ್ದಳು, ಅಷ್ಟೇ. ಆ ಒಂದು ನಿಮಿಷವನ್ನು ನಾನು ಕಿಟಕಿಯಿಂದ ನೋಡುತ್ತಿದ್ದೆ. ನನಗೆ ಅನೇಕ ಉದ್ದದ ನಿಮಿಷಗಳು ಗೊತ್ತು, ತಡವಾದ ಗಾಡಿಗಾಗಿ ಕಾಯುವಂಥವು. ಇಷ್ಟು ಉದ್ದದ್ದನ್ನು ನೋಡಿರಲಿಲ್ಲ.

ಐದನೇ ದಿನ ನಾನೊಂದು ಉಪಾಯ ಮಾಡಿದೆ. ಬೆಳಗಿನ ತಿರುಗಾಟದ ನೆಪದಲ್ಲಿ ಒಂದು ರಿಕ್ಷಾ ಹಿಡಿದು ವರದಾ ಹೊಳೆಗೆ ಹೋದೆ. ಮರಳಿನಲ್ಲಿ ಹುಟ್ಟುವ ಗಿಡ ಅಲ್ಲಿಯೂ ಇರಬೇಕಲ್ಲ. ದಂಡೆಯ ಮರಳಿನಲ್ಲಿ ಮೈ ಅಂಟಿಸಿ ಹಬ್ಬಿದ, ಸಣ್ಣ ಎಲೆಯ ಒಂದು ಗಿಡ ಸಿಕ್ಕಿತು. ನೋಡಲಿಕ್ಕೆ ಅದೇ. ಬಗ್ಗಿ ಬುಡ ಸಮೇತ ಎತ್ತುವಾಗ ಅದು ನೆಗ್ಗಿಲ ಮುಳ್ಳಿನ ಗಿಡವೆಂದು ಮೊದಲು ನನ್ನ ಅಂಗೈಗೆ, ಆಮೇಲೆ ಮೊಣಕಾಲಿಗೆ, ಕಡೆಗೆ ಚಪ್ಪಲಿಗೆ ತಿಳಿಯಿತು. ಆದರೂ ಬಿಡದೆ ತಂದು, ನೀಲಮ್ಮ ಸ್ನಾನಕ್ಕೆ ಹೋದಾಗ ನಾಲ್ಕನೇ ಬಕೆಟ್ಟಿನಲ್ಲಿ ನೆಟ್ಟೆ. ಅವಳು ಬಂದು ನೋಡಿದಳು. ನಾನು ಪತ್ರಿಕೆ ಓದುತ್ತಿದ್ದೆ, ತಲೆಕೆಳಗಾಗಿ ಹಿಡಿದಿರಲಿಲ್ಲ ಎಂಬುದಷ್ಟೇ ಸಮಾಧಾನ.

“ಇದ್ಯಾರು ಹಚ್ಚಿದ್ದು?”

“ತಾನ ಹುಟ್ಟಿರಬೇಕು,” ಎಂದೆ.

“ಒಂದ ತಾಸಿನ್ಯಾಗ?” ಎಂದು ಕೇಳಿ, ಆ ಗಿಡವನ್ನೂ ನನ್ನ ಅಂಗೈಯ ಕೆಂಪು ಚುಕ್ಕಿಗಳನ್ನೂ ನೋಡಿ ಒಳಗೆ ಹೋದಳು.

ಏಳನೇ ದಿನ ಹಮೀದಾಬಿ ಗೇಟಿನ ಹತ್ತಿರ ಸಿಕ್ಕಳು. ಕಣ್ಣೊರೆಸಿಕೊಂಡಳೋ ಸುಮ್ಮನೆ ಸೆರಗು ಮುಖಕ್ಕೆ ಹೋಯಿತೋ ನಾನು ಸರಿಯಾಗಿ ನೋಡಲಿಲ್ಲ. “ಶುಕ್ರವಾರ ನನ್ನ ತಮ್ಮ ಬಂಕಾಪುರದಿಂದ ಬರ್ತಾನ್ರಿ ಮಾಸ್ತರ. ಚಾಂದನೀನ ಅವನ ಕೂಡ ಕಳಸಿಬಿಡ್ತೇನಿ. ನೀಲಕ್ಕನ ಮನಸ್ಸಿಗಿಂತ ಆಡು ಹೆಚ್ಚೇನ್ರಿ?” ಎಂದಳು. ಚಾಂದನಿ ಅವಳ ಹಿಂದೆ ನಿಂತು ಸೆರಗಿನ ತುದಿ ಚೀಪುತ್ತಿತ್ತು.

ಅಂದು ಬುಧವಾರ. ಶುಕ್ರವಾರಕ್ಕೆ ಒಂದೇ ದಿನ ಅಂತರ. ತಪ್ಪು ಮಾಡದ ಪ್ರಾಣಿಯೊಂದು ನನ್ನ ತಪ್ಪಿಗೆ ವರ್ಗವಾಗಿ ಹೋಗುವುದನ್ನು ನೋಡುತ್ತ ಪಡಸಾಲೆಯಲ್ಲಿ ಕುಳಿತಿರುವ ಧೈರ್ಯ ನನಗಿರಲಿಲ್ಲ. ಬಾಯಿ ಬರದಿದ್ದರೆ ಕೈಯಾದರೂ ಬರಲಿ, ಅದರಿಂದಲೇ ಅಲ್ಲವೇ ಇಷ್ಟೆಲ್ಲ ಆದದ್ದು ಎಂದು ಗುರುವಾರ ಮಧ್ಯಾಹ್ನ ಊಟವಾದ ಮೇಲೆ ಕಾಗದ ತೆಗೆದುಕೊಂಡು ಕುಳಿತೆ. ನನಗೆ ಬರುವುದು ಒಂದೇ ಬರವಣಿಗೆ. ‘ವಿಷಯ: ದಿನಾಂಕ ಒಂದರಂದು ಬೆಳಿಗ್ಗೆ ಐದೂವರೆಗೆ ನಾಲ್ಕನೇ ಬಕೆಟ್ಟಿನಲ್ಲಿ ನಡೆದ ಘಟನೆಯ ಕುರಿತು. ಕಾರಣ: ಮಾತು ಕೊಟ್ಟಿದ್ದರೂ ಗಮನವಿಲ್ಲದೆ ಮರಳು ಕದಡಿದ್ದು. ಜವಾಬ್ದಾರಿ: ಪೂರ್ತಿಯಾಗಿ ಕೆಳಗೆ ಸಹಿ ಮಾಡಿದವನದು. ಆಡಿನ ಪಾತ್ರ: ಕೊಟ್ಟದ್ದನ್ನು ತಿಂದದ್ದು ಮಾತ್ರ. ಆದ್ದರಿಂದ ಅದನ್ನು ಬಂಕಾಪುರಕ್ಕೆ ಕಳಿಸಬಾರದೆಂದು ವಿನಂತಿ.’ ಎರಡು ಪ್ರತಿ ಮಾಡಬೇಕೆಂದಿದ್ದೆ. ಮಾಡಿದರೆ ಸಂಜೆಯಾಗುತ್ತದೆ, ಸಂಜೆಯಾದರೆ ಮತ್ತೆ ನಾಳೆಯಾಗುತ್ತದೆ ಎಂದು ಒಂದೇ ಪ್ರತಿ ಹಿಡಿದು ಎದ್ದೆ. ನೀಲಮ್ಮ ಮನೆಯಲ್ಲಿ ಕಾಣಿಸಲಿಲ್ಲ. ಮೊದಲು ಆಡಿನ ಕಡೆಯವರಿಗೆ ತಿಳಿಸುವುದು ನ್ಯಾಯವೆಂದುಕೊಂಡು ಹಮೀದಾಬಿಯ ಅಂಗಳಕ್ಕೆ ಹೋದೆ.

ಅಲ್ಲಿ ಚಾಪೆಯ ಮೇಲೆ ನೀಲಮ್ಮ ಕಾಲು ಚಾಚಿ ಕುಳಿತು ಚಹಾ ಕುಡಿಯುತ್ತಿದ್ದಳು. ಪಕ್ಕದಲ್ಲಿ ಹಮೀದಾಬಿ. ನಡುವೆ ಒಂದು ತಟ್ಟೆ ಸವಣೂರ ಖಾರಾ.

“ಬರ್ರಿ ಮಾಸ್ತರ, ಕುಂದರ್ರಿ,” ಎಂದಳು ಹಮೀದಾಬಿ, ಏನೂ ಆಗಿಲ್ಲವೆಂಬಂತೆ. “ಕೈಯಾಗ ಏನದು?”

ಕುಳಿತುಕೊಳ್ಳಲು ನನ್ನಿಂದಾಗಲಿಲ್ಲ. ನಿಂತುಕೊಂಡೇ, ಕನ್ನಡಕ ಸರಿಮಾಡಿಕೊಂಡು, ವಿಷಯದಿಂದ ಹಿಡಿದು ಸಹಿಯವರೆಗೆ ಪೂರ್ತಿ ಓದಿದೆ. ‘ಮಾತು ಕೊಟ್ಟಿದ್ದರೂ’ ಎಂಬುದನ್ನು ಮಾತ್ರ ಎರಡು ಸಲ ಓದಿದೆ. ಓದಿ ಮುಗಿಸಿ ತಲೆಯೆತ್ತಿದರೆ ಹಮೀದಾಬಿ ಬಾಯಿಗೆ ಸೆರಗು ತುರುಕಿಕೊಂಡಿದ್ದಳು.

“ಎಂಟು ದಿನ ಲೇಟ್ ಬಂತು ನೋಡ ನೀಲಕ್ಕಾ ಗಾಡಿ,” ಎಂದಳು.

“ಅಂದ್ರ… ನಿಮಗ ಗೊತ್ತಿತ್ತೇನು?”

“ಮಧ್ಯಾಹ್ನಕ್ಕ ಗೊತ್ತಾತ್ರಿ,” ಎಂದಳು ನೀಲಮ್ಮ. “ಬೆಳಿಗ್ಗೆ ಸಿಟ್ಟಿನ್ಯಾಗ ನೋಡಲಿಲ್ಲ. ನೀವು ಶಿಗ್ಗಾವಿಗೆ ಹೋದಮ್ಯಾಲ ಚಾಳೀಸು ಹಾಕ್ಕೊಂಡು ನೋಡಿದೆ. ಆಡು ತಿಂದ್ರ ಬುಡ ಉಳಿತಾವು. ಗಿಡ ತಿಂದು, ಉಸುಕು ಸಮ ಮಾಡಿ, ಬಕೆಟ್ಟಿನ ಅಂಚು ಒರಸಿ ಹೋಗೂ ಆಡು ಈ ಸವಣೂರಾಗ ಒಂದ ಐತಿ.”

“ತೋಬಾ! ಅದಕ್ಕ ಗಡ್ಡಾನೂ ಇಲ್ಲ,” ಎಂದಳು ಹಮೀದಾಬಿ.

“ಹಂಗಾದ್ರ ಇಷ್ಟು ದಿನ ಮಾತು ಬಿಟ್ಟಿದ್ದು?”

“ಎಲ್ಲಿ ಬಿಟ್ಟಿದ್ವಿ? ನೀವು ಮಧ್ಯಾಹ್ನ ಎರಡರಿಂದ ಮೂರು ಮಲಗ್ತೀರಿ. ಗಡಿಯಾರಾ ತಪ್ಪೀತು, ನೀವು ತಪ್ಪೂದಿಲ್ಲ. ಆ ಹೊತ್ತಿನ್ಯಾಗ ಚಹಾ ಕುಡದ್ವಿ.”

“ಬಂಕಾಪುರದ ತಮ್ಮ?”

“ನನಗ ತಮ್ಮನ ಇಲ್ರಿ ಮಾಸ್ತರ. ನಾವು ಮೂರೂ ಮಂದಿ ಅಕ್ಕ-ತಂಗ್ಯಾರು,” ಎಂದು ಹಮೀದಾಬಿ ನಕ್ಕೂ ನಕ್ಕೂ ಸುಸ್ತಾಗಿ ಗೋಡೆಗೆ ಒರಗಿದಳು.

ನೀಲಮ್ಮ ಮಾತ್ರ ನಗಲಿಲ್ಲ. ಕಪ್ಪು ಕೆಳಗಿಟ್ಟು ನನ್ನನ್ನೇ ನೋಡಿ ಹೇಳಿದಳು: “ಗಿಡ ಹೋದದ್ದಕ್ಕ ನನಗೇನೂ ಇಲ್ರಿ. ಅವು ಹೋಗೂವ ಇದ್ದವು, ಹಾನಗಲ್ಲ ಮಾಸ್ತರ್ರು ಹೇಳಿದ್ರಲ್ಲ. ನಿಮ್ಮ ಕೈನೂ ನನಗ ಗೊತ್ತೈತಿ, ನಲವತ್ತು ವರ್ಷ ನೋಡಾಕತ್ತೇನಿ. ಆದ್ರ ನನ್ನ ಮುಂದ ಹೇಳಾಕ ನಿಮಗ ಹೆದರಿಕಿ ಆತಲ್ಲ, ಅದಕ್ಕ ಸಂಕಟ ಆತು. ನಾ ಏನು ನಿಮ್ಮ ಮ್ಯಾಲಿನ ಸಾಹೇಬೇನು?”

ಪಾಯಿಂಟ್ಸ್‌ಮನ್ನನ ಹಾಗೆ ನಾನೂ ತಲೆ ತಗ್ಗಿಸಿದೆ. ಹಾಗೇ ನಿಂತಿದ್ದವನಿಗೆ ಕೈ ಹಗುರಾದಂತೆನಿಸಿ ನೋಡಿದರೆ, ಕಾಗದದ ಅರ್ಧ ಭಾಗ ಚಾಂದನಿಯ ಬಾಯಿಯಲ್ಲಿತ್ತು. ಬಿಡಿಸಿಕೊಳ್ಳುವ ಮನಸ್ಸಾಗಲಿಲ್ಲ. ಮೂವತ್ತೇಳು ವರ್ಷ ನಾನು ಎಷ್ಟೋ ವರದಿಗಳನ್ನು ಎಷ್ಟೋ ದೊಡ್ಡವರಿಗೆ ಬರೆದಿದ್ದೇನೆ. ಸಹಿಯವರೆಗೂ ಬಿಡದೆ, ಇಷ್ಟು ಆಸ್ಥೆಯಿಂದ ಅದನ್ನು ಒಳಗೆ ತೆಗೆದುಕೊಂಡವರು ಬೇರೆ ಯಾರೂ ಇಲ್ಲ.

ನವೆಂಬರ್ ಒಂದಕ್ಕೆ ನೀಲಮ್ಮ ತಾನೇ ನನ್ನ ಕೈಗೆ ಸರಳು ಕೊಟ್ಟಳು. ಬೀಜ ಉದುರಿವೆ, ನಾಲ್ಕನೆಯದರಿಂದ ಶುರುಮಾಡಿ, ಅದರ ಮರಳನ್ನು ಒಂದೊಂದು ಹಿಡಿ ಉಳಿದವಕ್ಕೂ ಹಾಕುತ್ತ ಒಂದರವರೆಗೆ ಬನ್ನಿ ಎಂದಳು. ಅದು ನಿಯಮಕ್ಕೆ ವಿರುದ್ಧವಾದ ದಿಕ್ಕು. ಆದರೂ ಮಾಡಿದೆ. ಈ ಜೂನಿನಲ್ಲಿ ಅವಳು ನಾಲ್ಕೂ ಬಕೆಟ್ಟುಗಳಿಗೆ ನೀರು ಚಿಮುಕಿಸಿದಳು. ನಾಲ್ಕರಲ್ಲಿಯೂ ಹಸಿರು ಚುಕ್ಕಿಗಳೆದ್ದವು. ಹೀಗಾಗಿ ಸದ್ಯ ನಮ್ಮ ಮನೆಯಲ್ಲಿ ಬೆಂಕಿ ಆರಿಸುವ ಏರ್ಪಾಡು ಏನೂ ಇಲ್ಲ, ಸಮುದ್ರ ಮಾತ್ರ ಇದೆ.

ಕೈಗಳ ಪ್ರಶ್ನೆ ಉಳಿಯಿತು. ಒಂದನೇ ತಾರೀಖು ಬೆಳಿಗ್ಗೆ ಐದೂವರೆಗೆ ಅವುಗಳನ್ನು ಪಡಸಾಲೆಯ ಹತ್ತಿರ ಬಿಡುವುದು ಕ್ಷೇಮವಲ್ಲವೆಂದು ಇಬ್ಬರು ಹೆಂಗಸರೂ ಕೂಡಿ ತೀರ್ಮಾನಿಸಿದ್ದಾರೆ. ಅಂದು ಆ ಹೊತ್ತಿಗೆ ಚಾಂದನಿಯ ಹಗ್ಗವನ್ನು ನನ್ನ ಕೈಗೆ ಕಟ್ಟಿ ಹೊರಗೆ ಕಳಿಸುತ್ತಾರೆ. ಅದಕ್ಕೆ ವೇಳಾಪಟ್ಟಿಯೆಂಬುದಿಲ್ಲ, ಒಂದೊಂದು ಬೇಲಿಯ ಮುಂದೆ ಹತ್ತು ಹತ್ತು ನಿಮಿಷ ನಿಲ್ಲುತ್ತದೆ, ನಾನೂ ನಿಲ್ಲುತ್ತೇನೆ. ಮೊನ್ನೆ ಓಣಿಯ ತುದಿಯಲ್ಲಿ ಒಬ್ಬರು ಕೇಳಿದರು: “ಏನ್ರಿ ಮಾಸ್ತರ, ಮುಂಜಾನೆ ಮುಂಜಾನೆ ಆಡು ಮೇಯಸಾಕ ಹೊಂಟೀರಿ?”

ನಾನು ಬಾಯಿ ತೆರೆಯುವುದರೊಳಗೆ ಹಿಂದಿನಿಂದ ಹಮೀದಾಬಿಯ ದನಿ ಬಂತು: “ಅವರಲ್ರೀ, ಚಾಂದನಿ ಹೊಂಟೈತಿ. ಅವರನ್ನ ಸ್ವಲ್ಪ ತಿರಗಾಡಿಸ್ಕೊಂಡು ಬರ್ತೈತಿ.”